ಬೇರೆಯವನ ಕೋಟು

ಒಂದೇ ಒಂದು, ಅಂದಿದ್ದ ಎಕ್ಕಿ.
ಅಬರ್ಡೀನಿನಲ್ಲಿ ಒಂದು ಎಂಬುದು ಲೆಕ್ಕವಲ್ಲ,
ಒಂದು ಥರದ ಆಸೆ.

ಶುಕ್ರವಾರ. ಶೆಟ್‌ಲ್ಯಾಂಡಿನ ಹಡಗನ್ನು ಏಳಕ್ಕೆ ಸಾಗಹಾಕಿ
ಟಿಕೆಟ್ಟಿನ ಕಿಂಡಿ ಮುಚ್ಚಿ ಬಂದೆ.
ಎಕ್ಕಿ ಕಿಲ್ಟ್ ಉಟ್ಟು ನಿಂತಿದ್ದ. ಯಾರ ಮದುವೆಯೂ ಇರಲಿಲ್ಲ,
ಪ್ಯಾಂಟುಗಳೆಲ್ಲ ಒಗೆಯಲು ಬಿದ್ದಿದ್ದವಂತೆ.
ನನ್ನ ತಂಗಿ ರೋನಾಳದು ಹೊಸ ಬೂಟು.
ನಡೆಯೋಕಲ್ಲ, ನೋಡೋಕೆ, ಎಂದು
ಮೊದಲೇ ಎಚ್ಚರಿಸಿದ್ದಳು.

ಯೂನಿಯನ್ ಬೀದಿಯ ಗಾಳಿಗೆ ಮಾನವಿಲ್ಲ, ಮರ್ಯಾದೆಯಿಲ್ಲ.
ಉತ್ತರ ಸಮುದ್ರದಿಂದ ನೆಟ್ಟಗೆ ಎದ್ದುಬಂದು
ಎಕ್ಕಿಯ ಕಿಲ್ಟನ್ನು ಕೊಡೆಯಂತೆ ಬಿಚ್ಚಿತು.
ಬಸ್‌ಸ್ಟಾಪಿನ ಮೂವರು ಅಜ್ಜಿಯರು ಚಪ್ಪಾಳೆ ತಟ್ಟಿದರು.
ಒಬ್ಬಳು ಚೀಲದಲ್ಲಿ ಕನ್ನಡಕ ತಡಕಿ, ಹಾಕಿಕೊಂಡು,
ಇನ್ನೊಂದ್ಸಲ, ಅಂದಳು.

ಮೊದಲ ಪಬ್ಬಿನಲ್ಲಿ ಕೂರಲು ಜಾಗವಿರಲಿಲ್ಲ.
ಎರಡನೆಯದರಲ್ಲಿ ಎಕ್ಕಿಯ ಮಾಜಿ ಹೆಂಡತಿ ಮೋರ್ವೆನ್ ಇದ್ದಳು.
ಮೂರನೆಯದರಲ್ಲಿ ಮೋರ್ವೆನ್ ನಮ್ಮ ಜೊತೆಗೇ ಇದ್ದಳು,
ಹೇಗೆಂದು ಕೇಳಬೇಡಿ.
ನಾಲ್ಕನೆಯದರಲ್ಲಿ, ತೈಲಬಾವಿಯ ರಿಗ್ಗಿನಿಂದ ಇಳಿದವನೊಬ್ಬ,
ಮೂರು ವಾರ ಬರೀ ಚಹಾ ಕುಡಿದವನು,
ಇಡೀ ಪಬ್ಬಿಗೆ ವಿಸ್ಕಿ ಕೊಡಿಸಿ ಗಳಗಳ ಅತ್ತ:
ಮನೆಯ ಗಿಳಿ ಅವನನ್ನು ಗುರುತಿಸಲಿಲ್ಲವಂತೆ.
ಮೂಲೆಯಲ್ಲಿ ಕೋಟುಗಳ ರಾಶಿ,
ಎಲ್ಲವೂ ಕಪ್ಪು, ಎಲ್ಲವೂ ಒದ್ದೆ.
(ಇದು ನೆನಪಿರಲಿ.)

ಒಂದು ಗಂಟೆಗೆ ಮೀನು, ವಿನೆಗರ್ ಸುರಿದ ಚಿಪ್ಸು,
ಬೆರಳು ಸುಡುವಂಥದು.
ಕಡಲಹಕ್ಕಿ ಇಳಿಯಿತು. ನಮ್ಮೂರ ಕಡಲಹಕ್ಕಿ
ಗಾತ್ರದಲ್ಲಿ ನಾಯಿ, ದಯೆಯಲ್ಲಿ ತೆರಿಗೆ ಅಧಿಕಾರಿ.
ಮೊದಲು ಮೀನು ಒಯ್ದಿತು, ಆಮೇಲೆ ಚಿಪ್ಸು,
ಆಮೇಲೆ ಮರೆತವರಂತೆ ವಾಪಸು ಬಂದು
ಮರದ ಫೋರ್ಕು.
ಮೋರ್ವೆನ್ ಅದಕ್ಕೆ ಬೈದಳು ನೋಡಿ,
ಹನ್ನೊಂದು ವರ್ಷದ ಸಂಸಾರದಲ್ಲಿ
ನನಗೊಂದು ದಿನ ಇಷ್ಟು ಮನಸಿಟ್ಟು ಬೈಯಲಿಲ್ಲ ಎಂದು
ಎಕ್ಕಿ ಮುಖ ಊದಿಸಿದ.

ಟ್ಯಾಕ್ಸಿಯ ಸಾಲು ನಮ್ಮೂರ ಗ್ರಾನೈಟು, ಕದಲುವುದಿಲ್ಲ.
ಡೀ ನದಿಯ ಸೇತುವೆ ದಾಟಿ ಟೋರಿಗೆ ನಡೆದೆವು.
ಬೂಟು ನನ್ನ ಕೈಯಲ್ಲಿ, ರೋನಾ ಎಕ್ಕಿಯ ಬೆನ್ನ ಮೇಲೆ.
ಜೂನ್ ತಿಂಗಳು. ಮೂರಕ್ಕೇ ಆಕಾಶ ಬೆಳ್ಳಗಾಯಿತು,
ಯಾರೋ ಮರೆವಿನಲ್ಲಿ ದೀಪ ಹಾಕಿದ ಹಾಗೆ.
ಕ್ಷಣಕಾಲ ಯಾರೂ ಮಾತಾಡಲಿಲ್ಲ.
ಆಮೇಲೆ ರೋನಾಗೆ ಬಿಕ್ಕಳಿಕೆ ಬಂತು.

ಎದ್ದು ಕೀಲಿಗೆಂದು ಜೇಬಿಗೆ ಕೈಹಾಕಿದರೆ
ಏನೋ ಕಚ್ಚಿತು.
ಕರವಸ್ತ್ರದಲ್ಲಿ ಸುತ್ತಿದ ಹಲ್ಲಿನ ಸೆಟ್ಟು,
ಮೇಲಿನದು, ಕೆಳಗಿನದು,
ನನ್ನನ್ನೇ ನೋಡಿ ನಗುತ್ತಿದೆ.
ಅಂದರೆ ಕೋಟು ನನ್ನದಲ್ಲ. ಕೀಲಿಯೂ ಇಲ್ಲ.
ಹಾಗಾದರೆ ಮನೆಯೊಳಗೆ ಹೇಗೆ ಬಂದೆ?
ಬಂದಿರಲಿಲ್ಲ. ಅದು ಎಕ್ಕಿಯ ಸೋಫಾ.

ವಾರವಿಡೀ ಆ ಹಲ್ಲು ಲೋಟದ ನೀರಿನಲ್ಲಿ ಕೂತು
ನಾನು ತಿನ್ನುವುದನ್ನೆಲ್ಲ ನೋಡಿತು.
ಟೋಸ್ಟು ಕಡಿದಾಗೆಲ್ಲ ಒಳಗೊಂದು ಚುಚ್ಚು:
ಎಲ್ಲೋ ಒಬ್ಬ ಬಡಪಾಯಿ
ಮೂರು ಹೊತ್ತೂ ಗಂಜಿ ಕುಡಿಯುತ್ತಿದ್ದಾನೆ.

ಮುಂದಿನ ಶುಕ್ರವಾರ ನಾಲ್ಕನೆಯದಕ್ಕೇ ಮೊದಲು ಹೋದೆವು.
ಕೌಂಟರಿನ ತುದಿಯಲ್ಲಿ ನನ್ನ ಕೋಟು ಕೂತಿತ್ತು.
ಅದರೊಳಗೆ ವಾಟಿ, ಎಂಬತ್ತು ದಾಟಿದವನು,
ಟ್ರಾಲರುಗಳಲ್ಲಿ ಅಡುಗೆ ಮಾಡಿ ಮುದುಕನಾದವನು.
ಎದುರಿಗೊಂದು ಬಟ್ಟಲು ಹುರಿಗಡಲೆಕಾಯಿ, ಮುಟ್ಟಿಲ್ಲ.
ಕಡಲೆ ಅಲ್ಲಿ, ಹಲ್ಲು ನನ್ನ ಜೇಬಿನಲ್ಲಿ,
ಗಾದೆಗೂ ನನಗೂ ಮೂರೇ ಹೆಜ್ಜೆ.

ಫಿಟ್ ಲೈಕ್, ಅಂದೆ. ಹೇಗಿದ್ದೀಯ ಅನ್ನಲು ನಮ್ಮೂರ ಮಾತು.
ಉತ್ತರವಾಗಿ ಬಂದದ್ದು ಬರೀ ಗಾಳಿ.
ಹಲ್ಲು ಕೊಟ್ಟೆ. ಬಿಯರಿನಲ್ಲಿ ಅದ್ದಿ ತೊಳೆದ,
ನನ್ನ ಬಿಯರಿನಲ್ಲಿ.
ದವಡೆ ಎರಡು ಸಲ ಆಡಿಸಿ, ಕೀಲಿ ತೆಗೆದು ಮುಂದಿಟ್ಟ.
ನಿನ್ನ ಮನೆ ಹುಡುಕಿ ಮೂರು ಬಾಗಿಲಿಗೆ ಹಾಕಿ ನೋಡಿದೆ ಮಗಾ,
ಮೂರನೆಯವರು ಟೀ ಕೊಟ್ಟರು, ಅಂದ.

ಅದಿರಲಿ, ಹಲ್ಲನ್ನು ಜೇಬಿನಲ್ಲೇಕೆ ಇಟ್ಟಿದ್ದೆ?

ಜೋರಾಗಿ ನಕ್ಕರೆ ಉದುರಿಬಿಡುತ್ತೆ.
ಅವತ್ತು ಒಬ್ಬ ಕಿಲ್ಟಿನವನು ಒಳಗೆ ಬಂದ.
ಮುನ್ನೆಚ್ಚರಿಕೆ.

ಎಕ್ಕಿ ಕಿಲ್ಟು ಸರಿಮಾಡಿಕೊಂಡ.
ಅವನ ಪ್ಯಾಂಟುಗಳು ಇನ್ನೂ ಒಗೆದಿರಲಿಲ್ಲ.
ಒಂದೇ ಒಂದು, ಅಂದ ವಾಟಿ, ಕಡಲೆ ಕಟಕಟ ಕಡಿಯುತ್ತ.
ನಾವು ಕೋಟುಗಳನ್ನು ಬಿಚ್ಚಿ
ಅದೇ ಮೂಲೆಗೆ, ಅದೇ ಕಪ್ಪು ರಾಶಿಗೆ
ಎಸೆದೆವು.